ಬರಿದಾದ ಗಲ್ಲಾಪೆಟ್ಟಿಗೆ: ಲಂಕೆಯಿಂದ ನಾವು ಕಲಿಯಬೇಕಾದ ಲೆಕ್ಕ

(ಗಿರಣಿ ಕೆಲಸಗಾರರ ಹಾಗೂ ಸಣ್ಣ ವ್ಯಾಪಾರಿಗಳ ಅಭ್ಯಾಸ ಕೂಟದಲ್ಲಿ ಮಾಡಿದ ಭಾಷಣ)



ಹೋದ ವಾರ ನಮ್ಮ ಕಾರ್ಯಾಲಯದ ಜಗಲಿಯ ಮೇಲೆ ಒಂದು ವಾದ ನಡೆಯಿತು. ಪಾಳಿ ಮುಗಿಸಿಕೊಂಡು ಬಂದ ಒಬ್ಬ ಗಿರಣಿ ಸಂಗಾತಿ ಕೇಳಿದರು: “ಲಂಕೆಯಲ್ಲಿ ಚಹ ಬೆಳೆಯುತ್ತದೆ, ರಬ್ಬರು ಬೆಳೆಯುತ್ತದೆ, ತೆಂಗು ಬೆಳೆಯುತ್ತದೆ. ಸುತ್ತ ಸಮುದ್ರ. ಜನ ಓದುಬರಹ ಬಲ್ಲವರು. ಅಂಥ ದೇಶ ೨೦೨೨ರಲ್ಲಿ ಒಂದು ಹಡಗು ಪೆಟ್ರೋಲಿಗೆ ಹಣ ಕೊಡಲಾರದೆ ಹೋಯಿತೆಂದರೆ ನಂಬುವುದು ಹೇಗೆ?” ಪಕ್ಕದಲ್ಲಿ ಕುಳಿತಿದ್ದ ಕಿರಾಣಿ ಅಂಗಡಿಯ ಹಿರಿಯರು ನಕ್ಕು ಹೇಳಿದರು: “ಏನಪ್ಪಾ, ಅಂಗಡಿ ತುಂಬ ಮಾಲಿದ್ದೂ ಸೋಮವಾರದ ಬಾಕಿಗೆ ಗಲ್ಲಾದಲ್ಲಿ ದುಡ್ಡಿಲ್ಲದ ದಿನ ನಾನೇ ಕಂಡಿದ್ದೇನೆ. ದೇಶಕ್ಕೂ ಅಂಥ ಸೋಮವಾರ ಬರುವುದಿಲ್ಲವೇ?”

ಇವತ್ತಿನ ನನ್ನ ಭಾಷಣವೆಲ್ಲ ಆ ಹಿರಿಯರ ಮಾತಿನ ವಿಸ್ತಾರ, ಅಷ್ಟೆ.

ನಾನು ಮಾಸ್ತರಿಕೆ ಮಾಡುತ್ತಿದ್ದ ಕಾಲದಲ್ಲಿ ಒಮ್ಮೆ ಮೂರು ತಿಂಗಳು ಸಂಬಳ ಬರಲಿಲ್ಲ. ಕಾಗದದ ಮೇಲೆ ನಾನು ಸ್ಥಿತಿವಂತ. ಮೂರು ತಿಂಗಳ ಸಂಬಳ ನನಗೆ ಬರಬೇಕಾಗಿತ್ತು. ಆದರೆ ಹಾಲಿನವನಿಗೆ ಕೊಡಲು ಕೈಯಲ್ಲಿ ಕಾಸಿರಲಿಲ್ಲ. ಬರಬೇಕಾದ ಹಣ ಬೇರೆ, ಕೈಯಲ್ಲಿರುವ ಹಣ ಬೇರೆ ಎಂಬ ಪಾಠವನ್ನು ನಾನು ಮಕ್ಕಳಿಗೆ ಹೇಳಿಕೊಟ್ಟದ್ದಕ್ಕಿಂತ ಆ ಮೂರು ತಿಂಗಳಲ್ಲಿ ಹೆಚ್ಚು ಕಲಿತೆ. ಆಸ್ತಿವಂತನೂ ವಾಯಿದೆಯ ದಿನ ದಿವಾಳಿ ಆಗಬಹುದು. ಮನೆಗೆ ಅನ್ವಯಿಸುವ ಈ ಮಾತು ಅಂಗಡಿಗೂ ಅನ್ವಯಿಸುತ್ತದೆ, ದೇಶಕ್ಕೂ ಅನ್ವಯಿಸುತ್ತದೆ. ಒಂದೇ ವ್ಯತ್ಯಾಸ: ಅಂಗಡಿ ದಿವಾಳಿಯಾದರೆ ಒಂದು ಸಂಸಾರ ಉಪವಾಸ ಬೀಳುತ್ತದೆ. ದೇಶದ ಗಲ್ಲಾ ಬರಿದಾದರೆ ಅದಕ್ಕೆ ಕಾರಣರಾದವರು ಉಪವಾಸ ಬೀಳುವುದಿಲ್ಲ.

ಡಾಲರು ಬರುವ ಬಾಗಿಲು, ಹೋಗುವ ಬಾಗಿಲು

ಮೊದಲು ಈ ವಿದೇಶೀ ವಿನಿಮಯದ ಮೀಸಲು ನಿಧಿ ಎಂದರೇನು ಎಂಬುದನ್ನು ತಿಳಿಯೋಣ. ಲಂಕೆಯ ರೂಪಾಯಿಯನ್ನು ಕೊಲಂಬೋದ ಸೆಂಟ್ರಲ್ ಬ್ಯಾಂಕು ಅಚ್ಚು ಹಾಕಿಸುತ್ತದೆ. ಆ ನೋಟು ಕೊಲಂಬೋದ ಸಂತೆಯಲ್ಲಿ ನಡೆಯುತ್ತದೆ. ಆದರೆ ಎಣ್ಣೆ ತಂದ ಹಡಗಿನವನು ಆ ನೋಟನ್ನು ಮುಟ್ಟುವುದಿಲ್ಲ. ಅವನಿಗೆ ಡಾಲರೇ ಬೇಕು. ಡಾಲರನ್ನು ಕೊಲಂಬೋದಲ್ಲಿ ಅಚ್ಚು ಹಾಕಲು ಬರುವುದಿಲ್ಲ. ದುಡಿದು ತರಬೇಕು, ಇಲ್ಲವೆ ಸಾಲ ತರಬೇಕು.

ಲಂಕೆಗೆ ದುಡಿಮೆಯ ಡಾಲರು ಬರುವ ಬಾಗಿಲುಗಳು ಮುಖ್ಯವಾಗಿ ನಾಲ್ಕು. ಒಂದು, ಚಹ, ರಬ್ಬರು, ತೆಂಗು. ಎರಡು, ಸಿದ್ಧ ಉಡುಪು. ಮೂರು, ಪ್ರವಾಸಿಗರು. ನಾಲ್ಕು, ಕೊಲ್ಲಿ ದೇಶಗಳಲ್ಲಿ ಮನೆಗೆಲಸ, ಕೂಲಿ ಕೆಲಸ ಮಾಡುವ ಹೆಂಗಸರು ಗಂಡಸರು ಊರಿಗೆ ಕಳಿಸುವ ಹಣ. ಹೋಗುವ ಬಾಗಿಲುಗಳು ಇನ್ನೂ ಅಗಲ: ಎಣ್ಣೆ, ಗೋಧಿ, ಔಷಧಿ, ಗೊಬ್ಬರ, ಹಾಲಿನ ಪುಡಿ, ಕಾಗದ, ಅದರ ಮೇಲೆ ಸಾಲದ ಕಂತು ಮತ್ತು ಬಡ್ಡಿ.

ಗಿರಣಿ ಸಂಗಾತಿಗಳು ಇಲ್ಲೊಂದು ಮಾತನ್ನು ಗಮನಿಸಬೇಕು. ಲಂಕೆಯ ಸರಕು ರಫ್ತಿನಲ್ಲಿ ಈಗ ದೊಡ್ಡ ಪಾಲು ಚಹದ್ದಲ್ಲ, ಉಡುಪಿನದು. ೧೯೭೮ರಲ್ಲಿ ತೆರೆದ ಕಟುನಾಯಕೆಯ ಮುಕ್ತ ವ್ಯಾಪಾರ ವಲಯದಲ್ಲಿ ಸಾವಿರಾರು ಹೆಣ್ಣುಮಕ್ಕಳು ಹೊಲಿಗೆ ಯಂತ್ರದ ಮುಂದೆ ಕುಳಿತು ದುಡಿಯುತ್ತಾರೆ. ಆದರೆ ಬಟ್ಟೆ, ನೂಲು, ಗುಂಡಿ ಬಹುಪಾಲು ಹೊರಗಿನಿಂದ ಬರಬೇಕು. ನೂರು ಡಾಲರಿನ ಉಡುಪು ಹೊರಟರೆ ನೂರೂ ಲಂಕೆಯಲ್ಲಿ ಉಳಿಯುವುದಿಲ್ಲ. ಡಾಲರು ದುಡಿಯಬೇಕಾದರೂ ಮೊದಲು ಡಾಲರು ಹಾಕಬೇಕು. ಆದ್ದರಿಂದ ಗಲ್ಲಾ ಬರಿದಾದ ದಿನ ಕಾರ್ಖಾನೆಯ ದುಡಿಮೆಗೂ ತಡೆ ಬೀಳುತ್ತದೆ.

ಬರುವುದಕ್ಕೂ ಹೋಗುವುದಕ್ಕೂ ನಡುವೆ ಸೆಂಟ್ರಲ್ ಬ್ಯಾಂಕು ಕಾದಿಟ್ಟುಕೊಂಡ ಡಾಲರು, ಪೌಂಡು, ಚಿನ್ನ ಇವೇ ಮೀಸಲು ನಿಧಿ. ಅದನ್ನು ನೋಡಿದಾಗ ಮೂರು ಪ್ರಶ್ನೆ ಕೇಳಬೇಕು. ಇದರಿಂದ ಎಷ್ಟು ತಿಂಗಳ ಆಮದು ನಡೆಯುತ್ತದೆ? ಇನ್ನೊಂದು ವರ್ಷದೊಳಗೆ ಎಷ್ಟು ಸಾಲದ ವಾಯಿದೆ ಬೀಳುತ್ತದೆ? ಇದರಲ್ಲಿ ನಮ್ಮದೆಷ್ಟು, ಪರರದೆಷ್ಟು? ಮೂರು ತಿಂಗಳ ಆಮದಿಗಿಂತ ಕಡಿಮೆ ಆದರೆ ಅಪಾಯ ಎಂಬುದು ಹಳೆಯ ಅಳತೆ. ವರ್ಷದೊಳಗೆ ತೀರಿಸಬೇಕಾದ ಪರದೇಶದ ಸಾಲಕ್ಕೆ ಸಮನಾದ ನಿಧಿಯಾದರೂ ಇರಬೇಕು ಎಂಬುದು ಈಚಿನ ಅಳತೆ. ಮೂರನೆಯ ಪ್ರಶ್ನೆಯನ್ನು ಸರ್ಕಾರಗಳು ತಾವಾಗಿ ಹೇಳುವುದಿಲ್ಲ, ನಾವೇ ಕೇಳಬೇಕು.

ಹಳೆಯ ಕಥೆ: ಅಕ್ಕಿ ಮತ್ತು ರಬ್ಬರು

ಲಂಕೆಗೆ ಈ ಕಷ್ಟ ಹೊಸದಲ್ಲ. ೧೯೪೮ರಲ್ಲಿ ಸ್ವತಂತ್ರವಾದಾಗ ಅದರ ಹೆಸರು ಸಿಲೋನ್. ಆಗ ಅದರ ರೂಪಾಯಿಯೂ ನಮ್ಮ ರೂಪಾಯಿಯೂ ಸರಿಸಮ, ಒಂದಕ್ಕೆ ಒಂದು. ೧೯೫೦ರಲ್ಲಿ ಸೆಂಟ್ರಲ್ ಬ್ಯಾಂಕು ಸ್ಥಾಪನೆಯಾಯಿತು. ಅದೇ ವರ್ಷ ಕೊರಿಯಾ ಯುದ್ಧ ಹೊತ್ತಿಕೊಂಡು ರಬ್ಬರಿನ ಧಾರಣೆ ಏರಿತು, ಗಲ್ಲಾ ತುಂಬಿತು. ಯುದ್ಧದ ಬಿಸಿ ಆರುತ್ತಲೂ ರಬ್ಬರಿನ ಧಾರಣೆ ಕುಸಿಯಿತು. ಆದರೆ ಹೊರಗಿನಿಂದ ತರಬೇಕಾದ ಅಕ್ಕಿಯ ಬೆಲೆ ಇಳಿಯಲಿಲ್ಲ. ಎರಡು ವರ್ಷದಲ್ಲಿ ನಿಧಿ ಕರಗತೊಡಗಿತು.

ಆಗ ಎರಡು ದಾರಿ ತುಳಿದರು. ಒಂದು ಒಳ್ಳೆಯದು. ೧೯೫೨ರಲ್ಲಿ ಅಮೆರಿಕದ ಮುನಿಸನ್ನೂ ಲೆಕ್ಕಿಸದೆ ಚೀನಾದೊಡನೆ ಒಪ್ಪಂದ ಮಾಡಿಕೊಂಡರು: ವರ್ಷಕ್ಕೆ ೫೦,೦೦೦ ಟನ್ ರಬ್ಬರು ಕೊಟ್ಟು ೨,೭೦,೦೦೦ ಟನ್ ಅಕ್ಕಿ ಪಡೆಯುವುದು. ಡಾಲರಿನ ಹಂಗಿಲ್ಲದೆ ಅನ್ನ ಬಂತು.

ಎರಡನೆಯ ದಾರಿ ಬಡವನ ತಟ್ಟೆಗೆ ಕೈ ಹಾಕಿದ್ದು. ೧೯೫೩ರಲ್ಲಿ ಪಡಿತರದ ಅಕ್ಕಿಯನ್ನು ಒಂದು ಅಳತೆಗೆ ೨೫ ಸೆಂಟಿನಿಂದ ೭೦ ಸೆಂಟಿಗೆ ಏರಿಸಿದರು. ಅದೇ ವರ್ಷ ಆಗಸ್ಟ್ ೧೨ರಂದು ಎಡಪಕ್ಷಗಳ ಕರೆಯ ಮೇಲೆ ಇಡೀ ದೇಶ ಹರತಾಳ ಹೂಡಿತು. ಅಂಗಡಿ ಮುಚ್ಚಿತು, ರೈಲು ನಿಂತಿತು. ಮಂತ್ರಿಮಂಡಲ ಕೊಲಂಬೋ ಬಂದರಿನಲ್ಲಿದ್ದ ಬ್ರಿಟಿಷ್ ಯುದ್ಧನೌಕೆಯ ಮೇಲೆ ಸಭೆ ಸೇರಬೇಕಾಯಿತು. ಗೋಲಿಬಾರಿನಲ್ಲಿ ಜನ ಸತ್ತರು. ಪ್ರಧಾನಿ ಡಡ್ಲಿ ಸೇನಾನಾಯಕ ರಾಜೀನಾಮೆ ಕೊಟ್ಟರು. ವಿದೇಶೀ ವಿನಿಮಯದ ಲೆಕ್ಕ ಬ್ಯಾಂಕಿನ ಒಳಕೋಣೆಯಲ್ಲಿ ಆರಂಭವಾಗಿ ಬೀದಿಯಲ್ಲಿ ಮುಗಿಯುತ್ತದೆ ಎಂಬುದಕ್ಕೆ ಇದು ಮೊದಲ ಸಾಕ್ಷಿ.

ನಾನು ಏಕಪಕ್ಷೀಯವಾಗಿ ಮಾತಾಡಲಾರೆ. ೧೯೭೦ರಿಂದ ೧೯೭೫ರವರೆಗೆ ಲಂಕೆಯ ಅರ್ಥಮಂತ್ರಿ ಆಗಿದ್ದವರು ಸಮಾಜವಾದಿ ನಾಯಕ ಎನ್. ಎಂ. ಪೆರೇರಾ. ಹರತಾಳಕ್ಕೆ ಕರೆಕೊಟ್ಟ ಪಕ್ಷದವರೇ. ೧೯೭೩ರಲ್ಲಿ ಎಣ್ಣೆಯ ಬೆಲೆ ಏರಿದಾಗ ಅವರ ಕಾಲದಲ್ಲಿಯೂ ಜನ ಬ್ರೆಡ್ಡಿಗಾಗಿ ಸಾಲುಗಟ್ಟಿ ನಿಂತರು. ಮಂತ್ರಿಯ ಮನಸ್ಸು ಒಳ್ಳೆಯದಿದ್ದರೆ ಹಡಗಿನವನು ಉದ್ರಿ ಕೊಡುವುದಿಲ್ಲ. ದುಡಿಮೆಯ ಬಾಗಿಲು ಕಿರಿದಾಗಿ, ಖರ್ಚಿನ ಬಾಗಿಲು ಅಗಲವಾಗಿರುವವರೆಗೆ ಯಾವ ಪಕ್ಷ ಕುಳಿತರೂ ಗಲ್ಲಾ ಸೋರುತ್ತದೆ. ೧೯೬೫ರಿಂದ ೨೦೨೩ರವರೆಗೆ ಲಂಕೆ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಬಾಗಿಲು ತಟ್ಟಿ ಒಪ್ಪಂದ ಮಾಡಿಕೊಂಡದ್ದು ೧೭ ಸಲ. ಅದನ್ನು ಕೆಟ್ಟ ಹಣೆಬರಹ ಎಂದರೆ ಸಾಲದು. ತಳದಲ್ಲಿ ತೂತಿದೆ ಎನ್ನಬೇಕು.

ಸಾಲದ ಬಣ್ಣ ಬದಲಾಯಿತು

ಆದರೆ ಹಿಂದಿನ ಕಷ್ಟಗಳಿಗೂ ೨೦೨೨ರ ಕಷ್ಟಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಹಿಂದೆ ಲಂಕೆ ತಂದ ಸಾಲದ ಬಹುಭಾಗ ವಿಶ್ವಬ್ಯಾಂಕು, ಏಷ್ಯಾ ಅಭಿವೃದ್ಧಿ ಬ್ಯಾಂಕು, ಜಪಾನು ಮುಂತಾದವರದು. ಬಡ್ಡಿ ಕಡಿಮೆ, ವಾಯಿದೆ ದಶಕಗಟ್ಟಲೆ. ೨೦೦೭ರಲ್ಲಿ ಲಂಕೆ ಮೊದಲ ಬಾರಿಗೆ ಅಂತರರಾಷ್ಟ್ರೀಯ ಮಾರುಕಟ್ಟೆಯಲ್ಲಿ ಡಾಲರಿನ ಬಾಂಡು ಮಾರಿತು. ೫೦ ಕೋಟಿ ಡಾಲರು. ಅಲ್ಲಿಂದ ಮುಂದೆ ರುಚಿ ಹತ್ತಿತು.

ಬಾಂಡೆಂದರೆ ಏನು? ವ್ಯಾಪಾರಿ ಬಂಧುಗಳು ಇದನ್ನು ಕೂಡಲೇ ತಿಳಿಯುತ್ತಾರೆ. ಐದು ವರ್ಷ, ಹತ್ತು ವರ್ಷ ಬಡ್ಡಿ ಮಾತ್ರ ಕೊಡುತ್ತಾ ಹೋಗಿ, ವಾಯಿದೆಯ ದಿನ ಅಸಲನ್ನೆಲ್ಲ ಒಂದೇ ಗಂಟಿನಲ್ಲಿ ಎಣಿಸುವುದು. ಅಷ್ಟು ಗಂಟು ಒಮ್ಮೆಲೇ ಎಲ್ಲಿಂದ ಬರಬೇಕು? ಹೊಸ ಬಾಂಡು ಮಾರಿ ಹಳೆಯದನ್ನು ತೀರಿಸುತ್ತಾರೆ. ಒಬ್ಬ ಸಾಹುಕಾರನ ಬಾಯಿಗೆ ಇನ್ನೊಬ್ಬ ಸಾಹುಕಾರನ ರೊಕ್ಕ. ಮಾರುಕಟ್ಟೆ ನಂಬುವವರೆಗೆ ಈ ಚಕ್ರ ಸಲೀಸಾಗಿ ಉರುಳುತ್ತದೆ. ನಂಬಿಕೆ ಹೋದ ದಿನ, ಹತ್ತು ವರ್ಷದ ಸಾಲವೂ ಹತ್ತು ದಿನದ ಸಾಲವಾಗಿ ಎದೆಯ ಮೇಲೆ ಕೂರುತ್ತದೆ.

ಲಂಕೆಯನ್ನು ಮುಳುಗಿಸಿದ್ದು ಚೀನಾದ ಸಾಲವೊಂದೇ ಎಂದು ಬಹಳ ಮಂದಿ ಹೇಳುತ್ತಾರೆ. ಚೀನಾದ ಸಾಲ ಇದ್ದದ್ದು ನಿಜ. ಆದಾಯ ತಾರದ ಕಟ್ಟಡಗಳಿಗೆ ಅದು ಹೋದದ್ದೂ ನಿಜ. ಆದರೆ ಸರ್ಕಾರದ ಪರದೇಶದ ಸಾಲದಲ್ಲಿ ಎಲ್ಲಕ್ಕಿಂತ ದೊಡ್ಡ ಪಾಲು ಮಾರುಕಟ್ಟೆಯ ಸಾಲ, ಅಂದರೆ ಮುಖ್ಯವಾಗಿ ಈ ಬಾಂಡುಗಳು. ಅವುಗಳ ಒಡೆಯರು ಒಬ್ಬ ದೊರೆಯಲ್ಲ, ಒಂದು ದೇಶವಲ್ಲ. ಮುಖ ಕಾಣದ ಹಣದ ಸಂಸ್ಥೆಗಳು. ಅವರ ಮುಂದೆ ಕೈಮುಗಿದು ಒಂದು ವರ್ಷ ಗಡುವು ಕೇಳೋಣವೆಂದರೆ ಯಾರ ಮನೆಗೆ ಹೋಗಬೇಕು?

ಗಲ್ಲಾ ಬರಿದಾದ ಬಗೆ

ಈಗ ಅಂಕಿಗಳನ್ನು ಕೇಳಿರಿ. ೨೦೧೯ರ ಕೊನೆಗೆ ಲಂಕೆಯ ಮೀಸಲು ನಿಧಿ ಸುಮಾರು ೭೬೦ ಕೋಟಿ ಡಾಲರು. ನಾಲ್ಕು ತಿಂಗಳಿಗೂ ಮೀರಿದ ಆಮದಿಗೆ ಸಾಕು. ೨೦೨೦ರ ಕೊನೆಗೆ ಸುಮಾರು ೫೭೦ ಕೋಟಿ. ೨೦೨೧ರ ಕೊನೆಗೆ ಸುಮಾರು ೩೧೦ ಕೋಟಿ. ೨೦೨೨ರ ಮೇ ತಿಂಗಳ ಮೊದಲಲ್ಲಿ ಅರ್ಥಮಂತ್ರಿ ಅಲಿ ಸಬ್ರಿ ಪಾರ್ಲಿಮೆಂಟಿನಲ್ಲಿ ಎದ್ದು ನಿಂತು, ಬಳಸಲು ಬರುವ ನಿಧಿ ೫ ಕೋಟಿ ಡಾಲರಿಗಿಂತ ಕಡಿಮೆ ಎಂದು ಒಪ್ಪಿಕೊಂಡರು. ಎರಡು ಕೋಟಿಗೂ ಮಿಕ್ಕ ಜನರ ದೇಶ. ಒಂದೇ ಒಂದು ದಿನದ ಆಮದಿನ ಬಾಬ್ತು ಕೈಯಲ್ಲಿ.

ಇದು ಹೇಗಾಯಿತು? ಕೆಲವು ಪೆಟ್ಟು ಹೊರಗಿನವು. ೨೦೧೯ರ ಈಸ್ಟರ್ ದಿನ ಬಾಂಬು ಸಿಡಿದು ಪ್ರವಾಸಿಗರು ಹಿಂಜರಿದರು. ೨೦೨೦ರಲ್ಲಿ ಕೊರೋನಾ ಬಂದು ಆ ಬಾಗಿಲು ಪೂರ್ತಿ ಮುಚ್ಚಿತು. ೨೦೧೮ರಲ್ಲಿ ಪ್ರವಾಸಿಗರಿಂದ ೪೪೦ ಕೋಟಿ ಡಾಲರು ಬಂದಿತ್ತು ಎಂಬುದನ್ನು ನೆನೆದರೆ ಪೆಟ್ಟಿನ ಭಾರ ತಿಳಿಯುತ್ತದೆ.

ಆದರೆ ದೊಡ್ಡ ಪೆಟ್ಟುಗಳನ್ನು ಸರ್ಕಾರ ತಾನೇ ಹೊಡೆದುಕೊಂಡಿತು. ೨೦೧೯ರ ಡಿಸೆಂಬರಿನಲ್ಲಿ ಗೋತಬಯ ರಾಜಪಕ್ಸ ಅವರ ಹೊಸ ಸರ್ಕಾರ ಮಾರಾಟದ ಮೌಲ್ಯವರ್ಧಿತ ತೆರಿಗೆಯನ್ನು ನೂರಕ್ಕೆ ೧೫ರಿಂದ ೮ಕ್ಕೆ ಇಳಿಸಿತು. ಆದಾಯ ತೆರಿಗೆಯಲ್ಲೂ ಧಾರಾಳ ತೋರಿತು. ಬೊಕ್ಕಸ ಒಣಗಿತು. ೨೦೨೦ರಲ್ಲಿ ಸಾಲದ ಯೋಗ್ಯತೆ ಅಳೆಯುವ ಸಂಸ್ಥೆಗಳು ಲಂಕೆಯ ಶ್ರೇಣಿಯನ್ನು ಇಳಿಸಿದವು. ಹೊಸ ಬಾಂಡು ಮಾರುವ ದಾರಿ ಮುಚ್ಚಿತು. ಚಕ್ರ ನಿಂತಿತು, ಆದರೆ ಹಳೆಯ ವಾಯಿದೆಗಳು ನಿಲ್ಲಲಿಲ್ಲ.

ಇನ್ನೊಂದು ತಪ್ಪು ಈ ಸಭೆಯ ವ್ಯಾಪಾರಿಗಳಿಗೆ ಚೆನ್ನಾಗಿ ಅರ್ಥವಾಗತಕ್ಕದ್ದು. ೨೦೨೧ರ ಕೊನೆಯಿಂದ ೨೦೨೨ರ ಮಾರ್ಚಿನವರೆಗೆ ಒಂದು ಡಾಲರಿಗೆ ಸುಮಾರು ೨೦೦ ರೂಪಾಯಿ ಎಂದು ಸೆಂಟ್ರಲ್ ಬ್ಯಾಂಕು ಬಿಗಿಹಿಡಿದು ಕುಳಿತಿತು. ಹೊರಗೆ ಹುಂಡಿಯವನು ಅದಕ್ಕಿಂತ ಬಹಳ ಹೆಚ್ಚು ಕೊಡುತ್ತಿದ್ದ. ಲಂಕೆಯಲ್ಲಿ ಅದಕ್ಕೆ ‘ಉಂಡಿಯಲ್’ ಎನ್ನುತ್ತಾರೆ. ನಮ್ಮ ಹುಂಡಿಯ ಹೆಸರೇ. ಕೊಲ್ಲಿಯಲ್ಲಿ ಪಾತ್ರೆ ತಿಕ್ಕುವ ತಾಯಿ ತನ್ನ ಬೆವರಿನ ಡಾಲರನ್ನು ಬ್ಯಾಂಕಿಗೆ ಏಕೆ ಕೊಟ್ಟಾಳು? ೨೦೨೦ರಲ್ಲಿ ೭೧೦ ಕೋಟಿ ಡಾಲರು ಬ್ಯಾಂಕಿನ ಮೂಲಕ ಊರಿಗೆ ಬಂದಿತ್ತು. ೨೦೨೧ರಲ್ಲಿ ೫೫೦ ಕೋಟಿಗೆ ಇಳಿಯಿತು, ೨೦೨೨ರಲ್ಲಿ ೩೮೦ ಕೋಟಿಗೆ. ಬೆಲೆಯನ್ನು ಕಾಗದದ ಮೇಲೆ ಕಟ್ಟಿಹಾಕಿದರೆ ಮಾಲು ಹಿಂಬಾಗಿಲಿನಿಂದ ಹೋಗುತ್ತದೆ. ಇದು ಸಂತೆಯ ಹುಡುಗನಿಗೂ ಗೊತ್ತಿರುವ ಮಾತು.

ಡಾಲರು ಉಳಿಸುವ ಆತುರದಲ್ಲಿ ೨೦೨೧ರ ಮೇ ತಿಂಗಳಲ್ಲಿ ರಾಸಾಯನಿಕ ಗೊಬ್ಬರದ ಆಮದನ್ನೇ ನಿಷೇಧಿಸಿದರು. ಸಾವಯವ ಕೃಷಿ ಎಂಬ ಒಳ್ಳೆಯ ಹೆಸರು ಇಟ್ಟರು. ರೈತನಿಗೆ ಸಿದ್ಧನಾಗಲು ಒಂದು ಬೆಳೆಯ ಕಾಲವನ್ನೂ ಕೊಡಲಿಲ್ಲ. ಭತ್ತ ಬಿತ್ತು, ಚಹವೂ ಸೊರಗಿತು. ನವೆಂಬರಿನಲ್ಲಿ ನಿಷೇಧ ಹಿಂತೆಗೆದರು. ಗೊಬ್ಬರದಲ್ಲಿ ಉಳಿಸಲು ಹೋದ ಡಾಲರನ್ನು ಅಕ್ಕಿಯ ಆಮದಿನಲ್ಲಿ ತೆತ್ತರು.

ಪರರ ಒಡವೆ ತೊಟ್ಟು ಮದುವೆಗೆ

೨೦೨೧ರ ಕೊನೆಯ ೩೧೦ ಕೋಟಿಯ ಒಳಗನ್ನು ಸ್ವಲ್ಪ ಬಿಚ್ಚಿ ನೋಡೋಣ. ನವೆಂಬರ್ ಕೊನೆಗೆ ನಿಧಿ ಸುಮಾರು ೧೬೦ ಕೋಟಿಗೆ ಇಳಿದಿತ್ತು. ಒಂದೇ ತಿಂಗಳಲ್ಲಿ ಹೆಚ್ಚುಕಡಿಮೆ ಇಮ್ಮಡಿಯಾಯಿತು. ದುಡಿಮೆ ಇಮ್ಮಡಿಯಾಯಿತೆ? ಇಲ್ಲ. ಚೀನಾದ ಸೆಂಟ್ರಲ್ ಬ್ಯಾಂಕಿನೊಡನೆ ಮಾಡಿಕೊಂಡಿದ್ದ ಹಣ ಬದಲಾವಣೆಯ ಒಪ್ಪಂದದಿಂದ ಸುಮಾರು ೧೫೦ ಕೋಟಿ ಡಾಲರಿನಷ್ಟು ಚೀನೀ ಯುವಾನನ್ನು ಲೆಕ್ಕಕ್ಕೆ ಸೇರಿಸಿಕೊಂಡರು. ಈ ಹಣವನ್ನು ಬಳಸಬೇಕಾದರೆ ಲಂಕೆಯ ಬಳಿ ಮೂರು ತಿಂಗಳ ಆಮದಿಗೆ ಸಾಕಾಗುವಷ್ಟು ನಿಧಿ ಇರಬೇಕೆಂಬ ಷರತ್ತು ಇತ್ತೆಂದು ಆಮೇಲೆ ಹೊರಬಿತ್ತು. ಹಸಿದವನಿಗೆ ಅನ್ನ ಕೊಟ್ಟು, ಹೊಟ್ಟೆ ತುಂಬಿದ ಮೇಲೆ ಉಣ್ಣು ಎಂದಂತೆ!

ಪಕ್ಕದ ಮನೆಯ ಒಡವೆ ತೊಟ್ಟು ಮದುವೆಗೆ ಹೋದರೆ ನೋಡಿದವರಿಗೆ ಶ್ರೀಮಂತರಂತೆ ಕಾಣಬಹುದು. ಅದನ್ನು ಗಿರವಿ ಇಡಲು ಬರುವುದಿಲ್ಲ. ಅದೇ ಹೊತ್ತಿಗೆ ಸ್ವಂತದ ಚಿನ್ನದಲ್ಲಿ ಸುಮಾರು ಅರ್ಧವನ್ನು ಸೆಂಟ್ರಲ್ ಬ್ಯಾಂಕು ಮಾರಿತ್ತು. ಎದುರಿಗೆ ೨೦೨೨ರಲ್ಲಿ ತೀರಿಸಬೇಕಾದ ಪರದೇಶದ ಸಾಲ ಬಡ್ಡಿ ಸುಮಾರು ೭೦೦ ಕೋಟಿ ಡಾಲರು. ಕೈಯಲ್ಲಿ ನಿಜವಾಗಿ ಒಂದು ತಿಂಗಳ ಆಮದಿಗೂ ಸಾಲದ ಹಣ. ಮೂರು ಪ್ರಶ್ನೆಗೂ ಉತ್ತರ ಒಂದೇ: ಇಲ್ಲ, ಇಲ್ಲ, ಇಲ್ಲ.

ಯಾರ ಬಾಕಿ ಮೊದಲು?

ಸಂಗಾತಿಗಳೇ, ಇಲ್ಲಿಯವರೆಗೆ ಹೇಳಿದ್ದು ಲೆಕ್ಕ. ಇನ್ನು ಹೇಳುವುದು ನ್ಯಾಯ.

ಗಲ್ಲಾದಲ್ಲಿ ಸ್ವಲ್ಪವೇ ಉಳಿದಿದೆ. ಬಾಗಿಲಲ್ಲಿ ಹತ್ತು ಜನ ನಿಂತಿದ್ದಾರೆ. ಯಾರಿಗೆ ಮೊದಲು ಕೊಡಬೇಕು? ೨೦೨೨ರ ಜನವರಿ ೧೮ರಂದು ೫೦ ಕೋಟಿ ಡಾಲರಿನ ಒಂದು ಬಾಂಡಿನ ವಾಯಿದೆ ಇತ್ತು. ಈ ಹಣವನ್ನು ಕೊಡಬೇಡಿ, ಸಾಲಗಾರರೊಡನೆ ಮಾತುಕತೆಗೆ ಕೂಡಿರಿ, ಇದನ್ನು ಎಣ್ಣೆಗೆ ಔಷಧಿಗೆ ಇಡಿರಿ ಎಂದು ಅರ್ಥಶಾಸ್ತ್ರಜ್ಞರು ಹೇಳಿದರು, ವಿರೋಧ ಪಕ್ಷದವರು ಹೇಳಿದರು. ಸ್ವಾತಂತ್ರ್ಯ ಬಂದಂದಿನಿಂದ ಒಂದು ಸಲವೂ ವಾಯಿದೆ ತಪ್ಪದ ದೇಶ ನಮ್ಮದು, ಮಾತು ತಪ್ಪಿದರೆ ಮುಂದೆ ಯಾರೂ ಸಾಲ ಕೊಡರು ಎಂಬುದು ಸರ್ಕಾರದ ವಾದ. ಆ ವಾದವನ್ನು ನಾನು ಹಗುರ ಮಾಡುವುದಿಲ್ಲ. ವ್ಯಾಪಾರಿಗೆ ಮಾತೇ ಬಂಡವಾಳ. ಆದರೆ ಮಾತು ಉಳಿಯುವ ಹಾಗಿದ್ದರೆ ತಾನೆ? ೫೦ ಕೋಟಿಯನ್ನು ಎಣಿಸಿಕೊಟ್ಟರು. ಎರಡು ವಾರ ಕಳೆದು, ಫೆಬ್ರವರಿ ೨ರಂದು, ಎಣ್ಣೆ ಕೊಳ್ಳಲು ಭಾರತದಿಂದ ಸಾಲದ ಒಪ್ಪಂದಕ್ಕೆ ರುಜು ಹಾಕಿದರು. ಎಷ್ಟು ಸಾಲ ಗೊತ್ತೆ? ಅದೇ ೫೦ ಕೋಟಿ ಡಾಲರು.

ಮೂರು ತಿಂಗಳೊಳಗೆ, ಏಪ್ರಿಲ್ ೧೨ರಂದು, ಪರದೇಶದ ಸಾಲ ತೀರಿಸುವುದನ್ನು ನಿಲ್ಲಿಸಿದೆವೆಂದು ಸಾರಿದರು. ಒಟ್ಟು ಪರದೇಶದ ಸಾಲ ಸುಮಾರು ೫,೧೦೦ ಕೋಟಿ ಡಾಲರು. ಮಾತೂ ಹೋಯಿತು, ೫೦ ಕೋಟಿಯೂ ಹೋಯಿತು.

ಆ ನಡುವಿನ ದಿನಗಳಲ್ಲಿ ಏನಾಯಿತು? ಮಾರ್ಚಿನಲ್ಲಿ ಕಾಗದವೂ ಶಾಯಿಯೂ ಇಲ್ಲದೆ ಪಶ್ಚಿಮ ಪ್ರಾಂತದ ಶಾಲೆಗಳ ಪರೀಕ್ಷೆ ಮುಂದೆ ಹೋಯಿತು. ಮಾಸ್ತರಿಕೆ ಮಾಡಿದ ನನಗೆ ಇದು ನುಂಗಲಾರದ ತುತ್ತು. ಪರೀಕ್ಷೆಗೆ ಮಕ್ಕಳು ಸಿದ್ಧ, ಮಾಸ್ತರರು ಸಿದ್ಧ, ಹಾಳೆ ಇಲ್ಲ. ಎರಡು ಪತ್ರಿಕೆಗಳು ಶನಿವಾರದ ಸಂಚಿಕೆಯ ಮುದ್ರಣ ನಿಲ್ಲಿಸಿದವು. ಪೆರಾದೆನಿಯದ ದೊಡ್ಡಾಸ್ಪತ್ರೆಯಲ್ಲಿ ಔಷಧಿ ಸಾಲದೆ, ಮೊದಲೇ ಗೊತ್ತು ಮಾಡಿದ್ದ ಶಸ್ತ್ರಚಿಕಿತ್ಸೆಗಳನ್ನು ತಡೆಹಿಡಿದರು. ಎಣ್ಣೆಯ ಸರದಿಯಲ್ಲಿ ಬಿಸಿಲಿಗೆ ನಿಂತ ಮುದುಕರು ಅಲ್ಲೇ ಕುಸಿದು ಸತ್ತರು. ಮೇ ತಿಂಗಳಲ್ಲಿ ಮಂತ್ರಿಯೇ ಹೇಳಿದ್ದು: ಪೆಟ್ರೋಲು ಹೊತ್ತ ಒಂದು ಹಡಗು ಮಾರ್ಚ್ ೨೮ರಿಂದ ಲಂಕೆಯ ಸಮುದ್ರದಲ್ಲಿ ಲಂಗರು ಹಾಕಿ ನಿಂತಿದೆ, ಅದರ ಹಿಂದಿನ ಸರಕಿನದೇ ೫.೩ ಕೋಟಿ ಡಾಲರು ಬಾಕಿ, ಕೊಡಲು ಹಣವಿಲ್ಲ. ಜನ ದಡದಲ್ಲಿ, ಎಣ್ಣೆ ಕಣ್ಣಳತೆಯಲ್ಲಿ!

ಜುಲೈ ೯ರಂದು ಜನ ಅಧ್ಯಕ್ಷರ ಅರಮನೆಯೊಳಗೆ ನುಗ್ಗಿದರು. ಗೋತಬಯ ೧೩ರಂದು ದೇಶ ಬಿಟ್ಟರು. ೧೯೫೩ರಲ್ಲಿ ಹಡಗು ಹತ್ತಿದ ಮಂತ್ರಿಮಂಡಲ, ೨೦೨೨ರಲ್ಲಿ ವಿಮಾನ ಹತ್ತಿದ ಅಧ್ಯಕ್ಷ.

ತೆತ್ತವರು ಯಾರು?

ಆಮೇಲೆ ಸುಧಾರಣೆ ಆಯಿತು ಎನ್ನುತ್ತಾರೆ. ಆದದ್ದೂ ನಿಜ. ೨೦೨೩ರ ಮಾರ್ಚಿನಲ್ಲಿ ಹಣಕಾಸು ನಿಧಿ ಸುಮಾರು ೩೦೦ ಕೋಟಿ ಡಾಲರಿನ ಸಾಲಕ್ಕೆ ಒಪ್ಪಿತು. ಮೀಸಲು ನಿಧಿ ೨೦೨೩ರ ಕೊನೆಗೆ ಸುಮಾರು ೪೪೦ ಕೋಟಿಗೆ, ೨೦೨೪ರ ಕೊನೆಗೆ ಸುಮಾರು ೬೧೦ ಕೋಟಿಗೆ ಏರಿತು. ಸಾಲ ಕೊಟ್ಟ ದೇಶಗಳು ಅಸಲಿನ ಕಂತುಗಳನ್ನು ೨೦೨೮ರವರೆಗೆ ಮುಂದೂಡಿದವು. ೨೦೨೪ರ ಡಿಸೆಂಬರಿನಲ್ಲಿ ಬಾಂಡಿನವರೊಡನೆಯೂ ಹೊಸ ಕರಾರಾಯಿತು. ಸರದಿಗಳು ಕರಗಿದವು, ದೀಪ ಹತ್ತಿದವು.

ಆದರೆ ಬೆಲೆ ತೆತ್ತವರು ಯಾರು? ಡಾಲರು ೨೦೦ ರೂಪಾಯಿಯಿಂದ ೩೬೦ಕ್ಕೆ ಏರಿತು. ಒಂದು ಕಾಲಕ್ಕೆ ನಮ್ಮ ರೂಪಾಯಿಗೆ ಸಮನಾಗಿದ್ದ ಆ ರೂಪಾಯಿ ನಾಲ್ಕೂವರೆ ಕೊಟ್ಟರೂ ನಮ್ಮ ಒಂದಕ್ಕೆ ಸಾಲದಾಯಿತು. ೨೦೨೨ರ ಸೆಪ್ಟೆಂಬರಿನಲ್ಲಿ ಕೊಲಂಬೋದ ಬೆಲೆಗಳು ಹಿಂದಿನ ವರ್ಷಕ್ಕಿಂತ ನೂರಕ್ಕೆ ೬೯.೮ರಷ್ಟು ಹೆಚ್ಚು, ಆಹಾರದ ಬೆಲೆ ನೂರಕ್ಕೆ ೯೪.೯ರಷ್ಟು. ಅಂದರೆ ಕೂಲಿಯವನ ಸಂಬಳ ಅಷ್ಟೇ ಇದ್ದು ತಟ್ಟೆ ಅರ್ಧವಾಯಿತು. ವಿದ್ಯುತ್ ದರವನ್ನು ೨೦೨೨ರ ಆಗಸ್ಟಿನಲ್ಲಿ ನೂರಕ್ಕೆ ೭೫, ಮತ್ತೆ ೨೦೨೩ರ ಫೆಬ್ರವರಿಯಲ್ಲಿ ನೂರಕ್ಕೆ ೬೬ ಏರಿಸಿದರು. ಹಿಂದೆ ೮ಕ್ಕೆ ಇಳಿಸಿದ್ದ ತೆರಿಗೆಯನ್ನು ೨೦೨೪ರ ಜನವರಿಗೆ ೧೮ಕ್ಕೆ ಮುಟ್ಟಿಸಿದರು. ವಿಶ್ವಬ್ಯಾಂಕಿನ ಲೆಕ್ಕದಂತೆ ೨೦೨೧ರಲ್ಲಿ ನೂರಕ್ಕೆ ೧೩ ಜನ ಬಡವರಿದ್ದರೆ ೨೦೨೨ರಲ್ಲಿ ೨೫.

ಇನ್ನೂ ಒಂದು ಮಾತು ಕೇಳಿ ಹೋಗಿರಿ. ೨೦೨೩ರಲ್ಲಿ ದೇಶದೊಳಗಿನ ಸಾಲವನ್ನೂ ಮರುಹೊಂದಿಸುವಾಗ, ಸರ್ಕಾರದ ಖಜಾನೆ ಪತ್ರಗಳನ್ನು ಹಿಡಿದಿದ್ದ ಬ್ಯಾಂಕುಗಳನ್ನು ಬಿಟ್ಟು ಕಾರ್ಮಿಕರ ಭವಿಷ್ಯ ನಿಧಿಯನ್ನು ಹಿಡಿದರು. ಮೊದಲು ನೂರಕ್ಕೆ ೧೨, ೨೦೨೬ರಿಂದ ನೂರಕ್ಕೆ ೯ ಬಡ್ಡಿಯ ಹೊಸ ಪತ್ರಕ್ಕೆ ಒಪ್ಪಿರಿ, ಇಲ್ಲವಾದರೆ ನಿಧಿಯ ಗಳಿಕೆಯ ಮೇಲೆ ನೂರಕ್ಕೆ ೩೦ ತೆರಿಗೆ ಎಂದರು. ಬ್ಯಾಂಕು ಕುಸಿದರೆ ಎಲ್ಲರ ಠೇವಣಿ ಮುಳುಗುತ್ತದೆ, ಅವು ಈಗಾಗಲೇ ಹೆಚ್ಚು ತೆರಿಗೆ ತೆರುತ್ತವೆ ಎಂಬುದು ಸರ್ಕಾರ ಕೊಟ್ಟ ಕಾರಣ. ಇರಬಹುದು. ಆದರೆ ತೆರಿಗೆ ಇಳಿಸಿದ್ದು ಹೊಲಿಗೆ ಕಾರ್ಖಾನೆಯ ಹೆಣ್ಣುಮಗಳಲ್ಲ. ಬಾಂಡು ಮಾರಿದ್ದು ಅವಳಲ್ಲ. ಅವಳ ಮುಪ್ಪಿನ ಗಂಟಿಗೆ ಮಾತ್ರ ಕತ್ತರಿ ಬಿತ್ತು.

ಒಂದು ಸಮಾಧಾನ ಉಂಟು. ೨೦೨೩ರ ನವೆಂಬರ್ ೧೪ರಂದು ಲಂಕೆಯ ಸುಪ್ರೀಂ ಕೋರ್ಟು, ಮಾಜಿ ಅಧ್ಯಕ್ಷರು, ಅರ್ಥಮಂತ್ರಿಗಳು, ಸೆಂಟ್ರಲ್ ಬ್ಯಾಂಕಿನ ಗವರ್ನರುಗಳು ಮುಂತಾದವರು ಆರ್ಥಿಕ ವ್ಯವಹಾರದಲ್ಲಿ ಜನರ ವಿಶ್ವಾಸಕ್ಕೆ ದ್ರೋಹ ಮಾಡಿದರೆಂದು ಬಹುಮತದಿಂದ ತೀರ್ಪು ಕೊಟ್ಟಿತು. ಹಣ ಹಿಂತಿರುಗಲಿಲ್ಲ. ಆದರೆ ಮೀಸಲು ನಿಧಿ ಜನರ ಒಡವೆ, ಅದನ್ನು ಕೆಡಿಸಿದವರು ಜನರಿಗೆ ಉತ್ತರ ಹೇಳಬೇಕು ಎಂಬ ಮಾತು ನ್ಯಾಯಪೀಠದಿಂದ ಬಂತು. ಅದು ಸಣ್ಣದಲ್ಲ.

ನಮಗೇನು ಎಂದು ಕೇಳುವವರಿಗೆ

“ಅದು ಸಣ್ಣ ದೇಶ, ನಮಗೇನು?” ಎಂದು ಯಾರಾದರೂ ಕೇಳಿಯಾರು. ೧೯೯೧ನ್ನು ಮರೆಯಬೇಡಿರಿ. ಕೊಲ್ಲಿ ಯುದ್ಧದಿಂದ ಎಣ್ಣೆಯ ಬೆಲೆ ಏರಿ, ಅಲ್ಪಾವಧಿ ಸಾಲ ಕೊಡುವವರು ಕೈ ಹಿಂತೆಗೆದಾಗ, ಈ ಮಹಾದೇಶದ ನಿಧಿಯೂ ಸುಮಾರು ಮೂರು ವಾರದ ಆಮದಿಗೆ ಇಳಿದಿತ್ತು. ಆ ವರ್ಷ ಜುಲೈನಲ್ಲಿ ೪೭ ಟನ್ ಚಿನ್ನವನ್ನು ಬ್ಯಾಂಕ್ ಆಫ್ ಇಂಗ್ಲೆಂಡಿಗೆ ಅಡವು ಕಳಿಸಬೇಕಾಯಿತು. ಅಂಥ ದಿನ ಕಂಡ ನಮ್ಮ ದೇಶ ೨೦೨೨ರಲ್ಲಿ ಲಂಕೆಗೆ ಒಟ್ಟು ಸುಮಾರು ೪೦೦ ಕೋಟಿ ಡಾಲರಿನ ನೆರವು ನೀಡಿತು ಎಂಬುದಕ್ಕೆ ಸಂತೋಷಪಡೋಣ, ಬೀಗುವುದು ಬೇಡ.

ನಾನು ನಿಮಗೆ ಕೊಡುವ ಕೆಲಸ ಇಷ್ಟೇ. ರಿಸರ್ವ್ ಬ್ಯಾಂಕು ವಾರವಾರವೂ, ಶುಕ್ರವಾರ, ನಮ್ಮ ಮೀಸಲು ನಿಧಿಯ ಅಂಕಿಯನ್ನು ಪ್ರಕಟಿಸುತ್ತದೆ. ಚಹದ ಅಂಗಡಿಯಲ್ಲಿ ಪತ್ರಿಕೆ ಹಿಡಿದಾಗ ಆ ಸಣ್ಣ ಸುದ್ದಿಯನ್ನು ಹಾರಿಸಿ ಹೋಗಬೇಡಿರಿ. ನಿಧಿ ಏರಿದೆ ಎಂದು ಬರೆದಿದ್ದರೆ ಆ ಮೂರು ಪ್ರಶ್ನೆ ಕೇಳಿರಿ: ಎಷ್ಟು ತಿಂಗಳಿಗೆ? ಯಾವ ವಾಯಿದೆಗೆ ಎದುರಾಗಿ? ನಮ್ಮದೆಷ್ಟು? ಕಿರ್ದಿ ಖಾತೆ ಬರೆಯಬಲ್ಲವರು, ಪಗಾರದ ಚೀಟಿ ಓದಬಲ್ಲವರು ಈ ಲೆಕ್ಕವನ್ನೂ ಓದಬಲ್ಲರು. ಇದು ಪಂಡಿತರ ಗುಟ್ಟಲ್ಲ.

ಅಂದು ಜಗಲಿಯ ಮೇಲೆ ಕೇಳಿದ ಸಂಗಾತಿಗೆ ನನ್ನ ಉತ್ತರ ಹೀಗಿದೆ. ಲಂಕೆಯಲ್ಲಿ ಚಹವಿತ್ತು, ರಬ್ಬರಿತ್ತು, ದುಡಿಯುವ ಕೈಗಳಿದ್ದವು. ಇಲ್ಲದಿದ್ದದ್ದು ವಾಯಿದೆಯ ದಿನಕ್ಕೆ ನಗದು. ಅದು ಇಲ್ಲವೆಂದು ಕಾಲಕ್ಕೆ ಸರಿಯಾಗಿ ಜನರೆದುರು ಒಪ್ಪ

ಿಕೊಳ್ಳುವ ಪ್ರಾಮಾಣಿಕತೆ, ಕೊನೆಯ ಡಾಲರು ಔಷಧಿಗೋ ಬಾಂಡಿಗೋ ಎಂದು ಆರಿಸುವಾಗ ಜನರ ಮುಖ ನೋಡುವ ಮನಸ್ಸು. ಬಂಧುಗಳೇ, ಗಲ್ಲಾದ ಕೀಲಿ ಯಾರ ಕೈಯಲ್ಲೇ ಇರಲಿ, ಲೆಕ್ಕದ ಪುಸ್ತಕ ಎಲ್ಲರ ಕಣ್ಣೆದುರು ತೆರೆದಿರಬೇಕು.